ಬಾರಿನ ಎದುರು ಎದ್ದ ದೇವರು

ಕೆಂಚಪ್ಪನ ಬಾರಿನ ಪರವಾನಗಿ ನವೀಕರಣವಾಗಬೇಕಿತ್ತು. ಪುರಸಭೆ ಒಪ್ಪದೆ ಅದು ಆಗದು. ಅಧ್ಯಕ್ಷ ನಂಜೇಗೌಡರು ಒಪ್ಪುವವರಲ್ಲ. ಪಕ್ಕದ ಬೀದಿಯಲ್ಲಿ ಬಾರ್ ತೆರೆಯಲು ಅವರ ಭಾಮೈದ ಕಾದು ಕುಳಿತಿದ್ದ.

ಒಂದು ಬೆಳಿಗ್ಗೆ ಕೆಂಚಪ್ಪ ಬಾಗಿಲು ತೆಗೆದರೆ, ಎದುರಿನ ಬೇವಿನ ಮರದಡಿ ಹೊಸದೊಂದು ಕಲ್ಲು. ಅದಕ್ಕೆ ಅರಿಶಿನ, ಕುಂಕುಮ, ಹೂವಿನ ಹಾರ. ಪಕ್ಕದಲ್ಲಿ ಅಧ್ಯಕ್ಷರು, ಸುತ್ತ ಅರ್ಧ ಊರು.

"ದೇವರು ತಾನಾಗಿ ಎದ್ದಿದ್ದಾನೆ ಕಣಯ್ಯ. ಗುಡಿ ಎದುರು ಬಾರ್ ಇರಕೂಡದು ಅಂತ ಕಾನೂನಿದೆ. ಇವತ್ತೇ ಬೀಗ ಹಾಕು."

ಕೆಂಚಪ್ಪ ಚಪ್ಪಲಿ ಬಿಟ್ಟು ಕಲ್ಲಿಗೆ ಕೈಮುಗಿದ.

"ಹಾಕ್ತೀನಿ ಗೌಡ್ರೇ. ಯಾವ ದೇವರು ಇದು?"

ಹೆದರಲಿ ಎಂದು ಅಧ್ಯಕ್ಷರು ಉಗ್ರನನ್ನೇ ಆರಿಸಿದರು. "ಮುನೇಶ್ವರ!"

ಕೆಂಚಪ್ಪ ಒಳಗೆ ಓಡಿ ಬ್ರಾಂದಿ ಬಾಟಲಿ ತಂದು ಕಲ್ಲಿನ ಮುಂದಿಟ್ಟ.

"ನನ್ನಪ್ಪಾ, ನಿನ್ನ ಎಡೆಗೆ ಹೆಂಡ ಬೇಕೇ ಬೇಕು. ಇದೇ ಕೊನೆಯದು. ನಾಳೆಯಿಂದ ಬಾಯಿ ಒಣಗಿದರೆ ಅಧ್ಯಕ್ಷರನ್ನ ಕೇಳು, ನನ್ನ ಮೇಲೆ ಮುನೀಬೇಡ."

ಜನರೆಲ್ಲ ಅಧ್ಯಕ್ಷರ ಕಡೆ ತಿರುಗಿದರು. ಮುನೇಶ್ವರನ ಕೋಪ ಯಾರಿಗೆ ಗೊತ್ತಿಲ್ಲ?

ಅಧ್ಯಕ್ಷರು ಎರಡೂ ಕೈ ಆಡಿಸಿದರು. "ಅಲ್ಲ, ಅಲ್ಲ... ಇದು ಗಣಪತಿ!"

ಕರ್ಪೂರ ಹಚ್ಚುತ್ತಿದ್ದ ಮುದುಕಿ ಪುಟ್ಟಮಾದಮ್ಮ ತಲೆಯೆತ್ತಿದಳು.

"ಈಗ ತಾನೇ ಮುನೇಶ್ವರ ಅಂದ್ಯಲ್ಲಪ್ಪ? ನೀನು ಗುಮಾಸ್ತರನ್ನ ವರ್ಗ ಮಾಡಿದ್ದು ನೋಡಿದ್ದೀನಿ. ದೇವರನ್ನೂ ವರ್ಗ ಮಾಡ್ತೀಯಾ?"

ಊರು ನಕ್ಕಿತು, ಅಧ್ಯಕ್ಷರು ನಗಲಿಲ್ಲ. ಅಂದು ಮಧ್ಯಾಹ್ನವೇ ಕೆಂಚಪ್ಪನ ಅರ್ಜಿಗೆ ರುಜು ಬಿತ್ತು.

ಮುನೇಶ್ವರ ಈಗಲೂ ಅಲ್ಲೇ ಇದ್ದಾನೆ. ಭಕ್ತರು ಎಡೆಯ ಬಾಟಲಿಯನ್ನು ಎದುರಿನ ಬಾರಿನಲ್ಲೇ ಕೊಳ್ಳುತ್ತಾರೆ.