ಪಕ್ಕದ ಖಾಲಿ ಜಾಗ

ಹಳೆಯ ಲ್ಯಾಪ್‌ಟಾಪೊಂದರಲ್ಲಿ ತೆರೆದ ಕೆಲಸವನ್ನೆಲ್ಲ ಒಂದೇ ರ‍್ಯಾಮ್ ಹೊತ್ತು ಏದುಸಿರು ಬಿಡುತ್ತಿತ್ತು. ಜೊತೆಗೊಬ್ಬರು ಬೇಡವೇ ಎಂದು ಪ್ರೊಸೆಸರ್ ಕೇಳಿದಾಗಲೆಲ್ಲ, "ನಾನೊಬ್ಬನೇ ಸಾಕು" ಎನ್ನುತ್ತಿತ್ತು. ಒಂದು ದಿನ ರಿಪೇರಿಯವನು ಮುಚ್ಚಳ ಬಿಚ್ಚಿ ಹೊಸ ರ‍್ಯಾಮ್ ಒಂದನ್ನು ಒಳಗಿಳಿಸಿದ. ತನ್ನನ್ನು ಗುಜರಿಗೆ ಹಾಕುತ್ತಾರೆಂದು ಹೆದರಿ ಹಳೆಯದು ಕೂಗಿತು:

"ನಾನು ಜಾಗ ಬಿಟ್ಟು ಏಳುವುದಿಲ್ಲ!"

"ಏಳಿ ಎಂದವರು ಯಾರು, ಸ್ವಾಮಿ? ನಿಮ್ಮ ಪಕ್ಕದ ಜಾಗ ಮೊದಲಿನಿಂದಲೂ ಖಾಲಿಯಿದೆಯಲ್ಲ!" ಎನ್ನುತ್ತ ಹೊಸದು ಟಕ್ಕೆಂದು ಅಲ್ಲಿ ಕುಳಿತು ಅರ್ಧ ಭಾರ ಎತ್ತಿಕೊಂಡಿತು. ಲ್ಯಾಪ್‌ಟಾಪ್ ಸರಾಗವಾಗಿ ಓಡತೊಡಗಿತು.

ಪ್ರೊಸೆಸರ್ ಗದರಿತು: "ನಿನ್ನ ಜಂಬದಿಂದ ಇಷ್ಟು ವರ್ಷ ಸೋಮಾರಿ ಎನ್ನಿಸಿಕೊಂಡವನು ನಾನು!"

"ಬೈಯಣ್ಣ," ಎಂದಿತು ಹಳೆಯ ರ‍್ಯಾಮ್ ಹಾಯಾಗಿ, "ಕೇಳುವುದಕ್ಕೆ ಈಗ ಪುರುಸೊತ್ತಿದೆ."