ರುಚಿ ನೋಡದ ಅಡುಗೆಯವನು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮವೆಂದರೆ ಎರಡು ಗುಡಿಸಲು, ಒಂದು ಹಸು, ಮತ್ತು ಯಾರು ಏನು ಕೇಳಲು ಬಂದರೂ ತಿರುಗಿ ತಾವೇ ನಾಲ್ಕು ಪ್ರಶ್ನೆ ಕೇಳುವ ಒಬ್ಬ ಗುರುಗಳು.

ಒಂದು ಮಧ್ಯಾಹ್ನ ಅವರ ಹಳೆಯ ಶಿಷ್ಯ ವಾಮನ ಬಂದ. ಕೈಯಲ್ಲಿ ಬಾಳೆಲೆ ಮುಚ್ಚಿದ ತಪ್ಪಲೆ. ಚಿಕ್ಕಂದಿನಲ್ಲಿ ಇಲ್ಲೇ ಅಕ್ಷರ ಕಲಿತವನು. ಈಗ ಯಾತ್ರಿಕರ ಛತ್ರದಲ್ಲಿ ಅಡುಗೆಯವನು. ಒಂಬತ್ತು ವರ್ಷದಿಂದ ದಿನಕ್ಕೆ ಇನ್ನೂರು ಎಲೆಗೆ ಬೇಯಿಸುತ್ತಿದ್ದಾನೆ.

ನಮಸ್ಕಾರ ಮಾಡಿ, ತಪ್ಪಲೆ ಪಕ್ಕಕ್ಕಿಟ್ಟು ಕೂತ. ಮಾತು ಶುರುಮಾಡಲಾರದೆ ಹುಲ್ಲು ಕೀಳತೊಡಗಿದ.

"ಹುಲ್ಲು ಹಸುವಿಗಿರಲಿ. ಬಂದದ್ದೇನು ಹೇಳು," ಎಂದರು ಗುರುಗಳು.

ವಾಮನ ಹೇಳಿದ. ಪೇಟೆಯ ರಾಮಲಿಂಗ ಸೆಟ್ಟರು ತಮ್ಮ ಮನೆಗೆ ಅಡುಗೆಗೆ ಕರೆದಿದ್ದಾರೆ. ಸಂಬಳ ಈಗಿನ ಎರಡರಷ್ಟು, ಇರಲು ಹೆಂಚಿನ ಮನೆ. ಹೆಂಡತಿ ಭಾಗೀರಥಿಗೆ ಈಗ ಐದು ತಿಂಗಳು. ಛತ್ರದ ಹಿಂದಿನ ಒಂದೇ ಕೋಣೆಯಲ್ಲಿ ಇನ್ನೆಷ್ಟು ದಿನ ಇರುವುದು ಎಂದು ಅವಳು ಕೇಳುತ್ತಾಳೆ. ಕೇಳುವುದರಲ್ಲಿ ತಪ್ಪೂ ಇಲ್ಲ. ನಾಳೆ ಬೆಳಿಗ್ಗೆ ಸೆಟ್ಟರಿಗೆ ಹೂಂ ಎನ್ನಬೇಕು, ಇಲ್ಲವೇ ಊಹೂಂ ಎನ್ನಬೇಕು. ಆದರೆ ಛತ್ರದ ಪಾರುಪತ್ಯ ನೋಡಿಕೊಳ್ಳುವ ಸೂರಪ್ಪಯ್ಯನವರ ಮುಖ ನೆನೆದರೆ ಅವನಿಗೆ ಕಾಲೇ ಏಳುತ್ತಿಲ್ಲ.

"ಅವರು ಕೆಟ್ಟವರಾಗಿದ್ರೆ ಇವತ್ತೇ ಬಿಟ್ಟು ಹೋಗ್ತಿದ್ದೆ ಗುರುಗಳೇ. ಒಳ್ಳೆಯವರು. ಅದೇ ಕಷ್ಟ."

ಗುರುಗಳು ಕಣ್ಣರಳಿಸಿದರು. "ಎಷ್ಟು ಒಳ್ಳೆಯವರು?"

ಇದೆಂಥ ಪ್ರಶ್ನೆ ಎಂದುಕೊಂಡರೂ ವಾಮನ ಲೆಕ್ಕ ಒಪ್ಪಿಸಿದ. ತನಗೆ ಜ್ವರ ಬಂದಾಗ ಸೂರಪ್ಪಯ್ಯನವರೇ ಪಂಚೆ ಮೇಲೆ ಕಟ್ಟಿ ಸೌಟು ಹಿಡಿದದ್ದು. ತಂದೆ ತೀರಿಕೊಂಡಾಗ ಹದಿಮೂರು ದಿನವೂ ಬಂದು ಜೊತೆಗೆ ಕೂತದ್ದು. ಇವತ್ತಿನವರೆಗೆ ಒಮ್ಮೆಯೂ ದನಿ ಏರಿಸದೆ ಇದ್ದದ್ದು.

"ಒಂದಾದರೂ ಕುಂದು ಬೇಡವೇನೋ ಮನುಷ್ಯನಿಗೆ?"

"ಒಂದಿದೆ," ಎಂದ ವಾಮನ. ಇದನ್ನು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವನ ಹಾಗಿತ್ತು ಅವನ ದನಿ.

ಛತ್ರದಲ್ಲಿ ಅಡುಗೆಯೆಲ್ಲ ಮೊದಲು ದೇವರಿಗೆ ನೈವೇದ್ಯವಾಗಬೇಕು. ಅದಕ್ಕೆ ಮುಂಚೆ ಅಡುಗೆಯವನು ಒಂದು ಹನಿಯನ್ನೂ ನಾಲಿಗೆಗೆ ಹಾಕುವಂತಿಲ್ಲ. ವಾಮನನದೆಲ್ಲ ಕೈಯಳತೆ, ಮೂಗಿನ ಅಂದಾಜು. ನೈವೇದ್ಯವಾದ ಮೇಲೆ ಮೊದಲ ತುತ್ತು ಸೂರಪ್ಪಯ್ಯನವರದು. ಉಪ್ಪು ಕಮ್ಮಿಯೆನಿಸಿದರೆ ತಾವೇ ಉಪ್ಪಿನ ಬಟ್ಟಲು ಹಿಡಿದು ಪಂಕ್ತಿಯುದ್ದಕ್ಕೂ ಬಡಿಸಿಬಿಡುತ್ತಾರೆ. ಉಣ್ಣುವವರಿಗೆ ಅಡುಗೆಯವನ ತಪ್ಪು ಗೊತ್ತೇ ಆಗುವುದಿಲ್ಲ. ಎಲ್ಲರ ಊಟ ಮುಗಿದ ಮೇಲೆ ಒಲೆಯ ಹತ್ತಿರ ಬಂದು ಕೂರುತ್ತಾರೆ.

"ದಿನಾ ಬಂದು ಕೂರ್ತಾರೆ. ವಾಮನಾ, ಹುಳಿಗೆ ಉಪ್ಪು ಸಾಲದು. ವಾಮನಾ, ಪಲ್ಯ ಇನ್ನೂ ಸ್ವಲ್ಪ ಬೇಯಬೇಕಿತ್ತು."

"ಹೇಳೋದಕ್ಕೆ ಏನೂ ಇಲ್ಲದ ದಿನ?"

"ಎಲೆಯಡಿಕೆ ಹಾಕ್ಕೊಂಡು ಸುಮ್ನೆ ಕೂತಿದ್ದು, ಎದ್ದು ಹೋಗ್ತಾರೆ. ಒಂಬತ್ತು ವರ್ಷ ಗುರುಗಳೇ. ಚೆನ್ನಾಗಿದೆ ಅಂತ ಒಂದು ದಿನ ಬಾಯಿ ಬಿಟ್ಟಿಲ್ಲ."

ಸಂಬಳದ ಮಾತಿಗಿಂತ ಈ ಮಾತೇ ಅವನನ್ನು ಹೆಚ್ಚು ನೋಯಿಸಿತ್ತು.

ಸೆಟ್ಟರ ಮನೆಯಲ್ಲಿ ಹೇಗೆ ಎಂದು ಗುರುಗಳು ಕೇಳಿದರು. ವಾಮನನ ಮುಖ ಅರಳಿತು. ಛತ್ರಕ್ಕೆ ಒಂದು ದಿನ ರಜೆ ಹೇಳಿ, ಇವತ್ತೇ ಅಲ್ಲಿ ನಲವತ್ತು ಎಲೆಗೆ ಅಡುಗೆ ಮಾಡಿ ಕೈ ತೋರಿಸಿ ಬಂದಿದ್ದ. ಗುರುಗಳಿಗೆ ತಿಳಿಯಬೇಕಾದದ್ದು ಬಹಳವಿತ್ತು. ನೀರು ಎಲ್ಲಿಂದ? ಅಡುಗೆಮನೆಯಲ್ಲೇ ಬಾವಿ. ಸೌದೆ? ವರ್ಷ ಒಣಗಿದ್ದು, ಹೊಗೆಯೇ ಇಲ್ಲ. ಪಾತ್ರೆ? ಮುಖ ನೋಡಿಕೊಳ್ಳಬಹುದು.

"ಉಪ್ಪು ಕೂಡ ನಮ್ಮ ಛತ್ರದ ಹರಳುಪ್ಪಲ್ಲ ಗುರುಗಳೇ. ಹಿಟ್ಟಿನ ಹಾಗೆ ನುಣ್ಣಗೆ ಕುಟ್ಟಿಟ್ಟಿದ್ದಾರೆ."

"ಹುಳಿಗೆ ಎಷ್ಟು ಹಾಕಿದೆ?"

"ಇಪ್ಪತ್ತು ಎಲೆಗೆ ಒಂದು ಹಿಡಿ. ನಲವತ್ತಕ್ಕೆ ಎರಡು. ಕೈಗೆ ಗೊತ್ತಲ್ಲ."

"ರುಚಿ ನೋಡಿದೆಯೇನು?"

ವಾಮನನಿಗೆ ನಗು ಬಂತು. ಗುರುಗಳಿಗೆ ಅಡುಗೆಯ ವಿಷಯ ಏನೂ ತಿಳಿಯದು ಎನಿಸಿತು. "ಅಡುಗೆ ಮಾಡೋನು ರುಚಿ ನೋಡ್ತಾನೆಯೇ?"

"ಉಂಡವರು ಏನಂದ್ರು?"

ಸೆಟ್ಟರು ಮೊದಲ ತುತ್ತಿಗೇ ಅಮೃತ ಅಂದರಂತೆ. ಆಮೇಲೆ ತಮ್ಮಂದಿರು ಅಂದರು, ಗುಮಾಸ್ತರು ಅಂದರು, ಅಳಿಯ ಎರಡು ಸಲ ಅಂದ. ಖುಷಿಯಲ್ಲಿ ಒಬ್ಬೊಬ್ಬರು ಎರಡೆರಡು ಚೊಂಬು ನೀರು ಕುಡಿದರು, ಮಜ್ಜಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡರು. ಅದೇ ಹುಳಿಯನ್ನು ಗುರುಗಳಿಗೂ ತಂದಿದ್ದ. ತಾನಿನ್ನೂ ಉಂಡಿರಲಿಲ್ಲ, ಅವರ ಜೊತೆಗೇ ಉಣ್ಣೋಣವೆಂದು ಹಸಿದುಕೊಂಡೇ ನಡೆದು ಬಂದಿದ್ದ.

ಗುರುಗಳು ಎರಡು ಎಲೆ ಹಾಸಿದರು. ಗುಡಿಸಲಿನಲ್ಲಿದ್ದ ಅನ್ನ ಬಡಿಸಿ, ಎರಡಕ್ಕೂ ಹುಳಿ ಸುರಿದರು. ಒಂದರ ಮುಂದೆ ತಾವು ಕೂತು ಏನೂ ಹೇಳದೆ ಉಣ್ಣತೊಡಗಿದರು.

ವಾಮನ ಒಂದು ತುತ್ತು ಬಾಯಿಗಿಟ್ಟ. ಅದನ್ನು ನುಂಗಲೂ ಆಗಲಿಲ್ಲ, ಗುರುಗಳ ಮುಂದೆ ಉಗುಳಲೂ ಆಗಲಿಲ್ಲ. ಹೇಗೋ ನುಂಗಿ ನೀರು ಕುಡಿದ. ಮತ್ತೆ ಕುಡಿದ.

ತನ್ನ ಅಂಗೈ ನೋಡಿಕೊಂಡ. ಹರಳುಪ್ಪಿನ ಹಿಡಿಯಲ್ಲಿ ಸಂದು ಇರುತ್ತದೆ. ನುಣ್ಣನೆಯ ಉಪ್ಪು ಹಿಡಿಯ ತುಂಬ ಗಟ್ಟಿಯಾಗಿ ಕೂರುತ್ತದೆ. ಇಷ್ಟು ಅವನಿಗೆ ಆಗ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ದೊಡ್ಡದೊಂದು ಪ್ರಶ್ನೆ ಅವನ ತಲೆ ಹೊಕ್ಕಿತು.

"ಇದನ್ನ ಅಮೃತ ಅಂತ ಯಾಕಂದ್ರು ಗುರುಗಳೇ?"

"ಮೊದಲು ಅಂದವರು ಸೆಟ್ಟರು ಅಲ್ಲವೇ? ಹಾಗಾದ್ರೆ ಉಳಿದವರದು ತಿಳಿಯಿತು. ಸೆಟ್ಟರು ಯಾಕಂದರೋ, ನನಗೂ ಕುತೂಹಲ."

ಗುರುಗಳು ಇನ್ನಷ್ಟು ಬಿಳಿ ಅನ್ನ ಕಲಸಿಕೊಂಡು ಉಣ್ಣುತ್ತಲೇ ಇದ್ದರು. ವಾಮನನಿಗೆ ಅದನ್ನು ನೋಡಲಾಗಲಿಲ್ಲ. ಸಾಕು ಬಿಡಿ ಎಂದು ಅವರ ಎಲೆಗೆ ಕೈ ಅಡ್ಡ ಹಿಡಿದ.

"ಹಾಗಾದ್ರೆ ಹೋಗಬೇಡ ಅಂತೀರಾ?"

"ಯಾರಂದ್ರು? ಮಗು ಬರ್ತಿದೆ, ಮನೆ ಬೇಕು. ಬೇಕಾದ್ರೆ ಹೋಗು. ಹೋದ ಮೇಲೆ, ಹೆಚ್ಚಿಗೆ ಬರೋ ಸಂಬಳದಲ್ಲಿ ಒಬ್ಬ ಆಳನ್ನ ಇಟ್ಕೋ."

"ಯಾವ ಕೆಲಸಕ್ಕೆ?"

"ನೀನು ಮಾಡಿದ್ದನ್ನ ಮೊದಲು ಉಣ್ಣಬೇಕು. ನಾಲ್ಕು ಜನರ ಮುಂದೆ ಬಾಯಿ ಬಿಡಬಾರದು. ಆಮೇಲೆ ಒಲೆ ಹತ್ತಿರ ಬಂದು, ಇರೋದನ್ನ ಇದ್ದ ಹಾಗೆ ಹೇಳಬೇಕು. ಇಷ್ಟೇ ಕೆಲಸ."

ವಾಮನ ಯೋಚಿಸಿದ. ಅಂಥ ಆಳು ಪೇಟೆಯಲ್ಲಿ ಸಿಗುತ್ತಾನೋ ಇಲ್ಲವೋ. ಸಿಕ್ಕರೂ ಸುಮ್ಮನೆ ಬರುತ್ತಾನೆಯೇ.

"ಅವನಿಗೆ ತಿಂಗಳಿಗೆ ಎಷ್ಟು ಕೊಡಬೇಕಾಗತ್ತೆ ಗುರುಗಳೇ?"

ಗುರುಗಳು ಎಲೆ ಮಡಿಚಿದರು.

"ನನ್ನನ್ನ ಕೇಳಿದ್ರೆ ಹೇಗೋ ವಾಮನಾ? ಒಂಬತ್ತು ವರ್ಷದಿಂದ ಅಂಥವರನ್ನ ಪುಕ್ಕಟೆ ಇಟ್ಕೊಂಡಿರೋನು ನೀನು."