ಕಸ್ತೂರಿ ಆರಿಸಿಕೊಂಡ ಕಂಪನಿ

ರಾಣೆಬೆನ್ನೂರಿನ ಒಂದು ಓಣಿಯಲ್ಲಿ ಕಸ್ತೂರಿ ಎಂಬ ಹೆಣ್ಣುಮಗಳಿದ್ದಳು. ಕುಪ್ಪಸ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಒಮ್ಮೆ ಅಳತೆ ಕೊಟ್ಟವರನ್ನು ಮತ್ತೆ ಅಳತೆ ಕೇಳುತ್ತಿರಲಿಲ್ಲ. ಓಣಿಯ ಹೆಂಗಸರಿಗೆ ಅವಳ ಮೇಲೆ ಎಷ್ಟು ನಂಬಿಕೆಯೆಂದರೆ, ಮಗಳಿಗೆ ಗಂಡು ನೋಡಲು ಹೊರಟಾಗಲೂ ಅವಳನ್ನು ಜೊತೆಗೆ ಕರೆದೊಯ್ಯುತ್ತಿದ್ದರು.

ಊರಿಗೆ ರೆಡಿಮೇಡ್ ಅಂಗಡಿಗಳು ಬಂದವು. ಕಸ್ತೂರಿಯ ಹೊಲಿಗೆ ಯಂತ್ರ ಅರ್ಧ ದಿನ ಸುಮ್ಮನೆ ಕೂರತೊಡಗಿತು. ಮಗಳು ನರ್ಸಿಂಗ್ ಓದುತ್ತೇನೆ ಎಂದು ಹಟ ಹಿಡಿದಿದ್ದಳು. ಬೇರೆ ದಾರಿ ಹುಡುಕಬೇಕಿತ್ತು.

ಅದೇ ವಾರ ಎರಡು ಕಂಪನಿಗಳಿಂದ ಕರೆ ಬಂತು. ಎರಡೂ ಒಬ್ಬರ ಕೆಳಗೆ ಒಬ್ಬರು ಸೇರುತ್ತ ಹೋಗುವ ಕಂಪನಿಗಳು.

ಮೊದಲನೆಯದರ ಪರವಾಗಿ ಬಂದವಳು ಲಲಿತಕ್ಕ. ಸೋಪು, ಪಾತ್ರೆ ತೊಳೆಯುವ ಪುಡಿ ಮಾರುತ್ತಿದ್ದಳು. ಕಸ್ತೂರಿ ಕೇಳಿದಳು, "ಲಾಭ ಎಷ್ಟ್ ಸಿಗತದಕ್ಕಾ?"

"ಭಾಳ ಏನಿಲ್ಲವ್ವಾ. ಕಾಯಿಪಲ್ಯಾ ಖರ್ಚು ಹೊಂಟೀತು. ಮೊದಲ ಒಂದ್ ತಿಂಗಳು ನೀನ ಬಳಸಿ ನೋಡು. ಪಸಂದ ಬಿದ್ರ ಸೇರು, ಇಲ್ಲಾಂದ್ರ ಬಿಡು."

ಎರಡನೆಯ ಕಂಪನಿಯ ಸಭೆ ಲಾಡ್ಜಿನ ಸಭಾಂಗಣದಲ್ಲಿ ನಡೆಯಿತು. ಬಾಗಿಲು ಹಾಕಿದ್ದರು. ಚಪ್ಪಾಳೆಯ ಸದ್ದಿಗೆ ಕಿವಿ ಗುಂಯ್‌ಗುಡುತ್ತಿತ್ತು. ಟೈ ಕಟ್ಟಿದ ಪ್ರಭಂಜನ ಎಂಬಾತ ವೇದಿಕೆಯಿಂದ ಇಳಿದು ನೇರ ಅವಳ ಬಳಿಗೇ ಬಂದ. ಅಲ್ಲಿ ಮಾರುತ್ತಿದ್ದುದು ಸಕ್ಕರೆ ಕಾಯಿಲೆಗೆಂದು ಹೇಳುವ ಒಂದು ಬೇರಿನ ಪುಡಿ. ಕಸ್ತೂರಿ ಅವನಿಗೂ ಅದೇ ಪ್ರಶ್ನೆ ಕೇಳಿದಳು. ಲಾಭ ಎಷ್ಟು?

ಅವನು ಉತ್ತರ ಕೊಡಲಿಲ್ಲ. ಒಂದು ಹಾಳೆ ಕೊಟ್ಟ. "ನಿಮ್ಮ ಮಾತು ತೆಗೆದುಹಾಕದವರ ಹೆಸರು ಬರೀರಿ ಮೇಡಂ."

ಅವಳು ಬರೆದಳು. ನಲವತ್ತೆರಡು ಹೆಸರಾದವು. ಅವನು ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿದ. "ಇಷ್ಟು ಜನ ಇವರನ್ನ ನಂಬ್ತಾರೆ. ಇವರು ಬಡವರಾ? ಹೇಳಿ!" ಮತ್ತೆ ಚಪ್ಪಾಳೆ. "ಆದರೆ ಸಂಜೆಯೊಳಗೆ ಸೇರಬೇಕು. ನಾಳೆ ನಿಮ್ಮ ಜಾಗದಲ್ಲಿ ಬೇರೆಯವರು ಇರ್ತಾರೆ."

ಕಸ್ತೂರಿಯ ಎದೆ ಒಮ್ಮೆ ಝಲ್ ಎಂದಿತು. ಹೆದರಿಕೆಯೋ ಆಸೆಯೋ ತಿಳಿಯಲಿಲ್ಲ. ಆಸೆ ಎಂದುಕೊಂಡು ಸಹಿ ಹಾಕಿದಳು.

ಹಾಳೆಯ ಮೊದಲ ಹೆಸರು ತಂಗೆವ್ವನದು. ಪಕ್ಕದ ಮನೆಯವಳು. ಐವತ್ತರ ಮೇಲಿನ ಗಟ್ಟಿ ಹೆಂಗಸು. ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದಳು. ಅವಳು ರೊಟ್ಟಿ ಬಡಿಯುವ ಸಪ್ಪಳಕ್ಕೇ ಓಣಿ ಏಳುತ್ತಿತ್ತು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕಿತ್ತು.

ಪ್ರಭಂಜನ ಫೋನಿನಲ್ಲಿ ಹೇಳಿಕೊಟ್ಟ. "ಮೊದಲು ಸೂಜಿ ಬಿಡಿಸಿ. ಸೂಜಿ ಇರೋತನಕ ಪುಡಿ ಕೆಲಸ ಮಾಡೋದು ಅವರಿಗೆ ಗೊತ್ತಾಗಲ್ಲ."

ಇದು ಸರಿಯೇ ಎಂದು ಕಸ್ತೂರಿಗೆ ಅನುಮಾನ ಬಂತು. ಆದರೂ ತಂಗೆವ್ವನ ಮುಂದೆ ಡಬ್ಬಿ ಇಟ್ಟು ಅವನು ಹೇಳಿದ್ದನ್ನೇ ಹೇಳಿದಳು. ತಂಗೆವ್ವ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

"ನೀ ಹೇಳಿದ ಮ್ಯಾಲೆ ಮುಗೀತು ಬಿಡವ್ವಾ. ಚುಚ್ಚಿ ಚುಚ್ಚಿ ಹೊಟ್ಟಿ ಜರಡಿ ಆಗೇತಿ."

ಒಂದು ವಾರದಲ್ಲಿ ಹನ್ನೊಂದು ಮನೆಗೆ ಹನ್ನೊಂದು ಡಬ್ಬಿ ಹೋದವು. ರೇಣುಕಾ ಎಂಬ ಗೆಳತಿ ಕಸ್ತೂರಿಯ ಕೆಳಗೆ ಸೇರಿಯೂ ಬಿಟ್ಟಳು.

ಎಂಟನೆಯ ದಿನ ತಂಗೆವ್ವ, "ಯಾಕೋ ನೀರಡಿಕಿ ಭಾಳ ಆಗೇತಿ, ಕೊಡಾ ಕುಡಿದ್ರೂ ಸಾಲವಲ್ದು," ಎಂದಳು. ಕಸ್ತೂರಿ ಗಾಬರಿಯಿಂದ ಪ್ರಭಂಜನನಿಗೆ ಫೋನ್ ಮಾಡಿದಳು. ಅವನು ನಕ್ಕ. "ಮೈಯೊಳಗಿನ ವಿಷ ಹೊರಗೆ ಹೋಗ್ತಿದೆ ಮೇಡಂ. ಒಂದು ಚಮಚ ಇದ್ದದ್ದನ್ನ ಎರಡು ಮಾಡಿ." ಕಸ್ತೂರಿ ಹೋಗಿ ಎರಡು ಚಮಚ ತಗೊಳ್ಳಲು ಹೇಳಿದಳು. ತಂಗೆವ್ವ ಹೂಂ ಎಂದಳು.

ಹನ್ನೊಂದನೆಯ ದಿನ ಬೆಳಗಾಯಿತು. ಹಾಲಿನವನು ಬಂದು ಹೋದ. ನಲ್ಲಿಗೆ ನೀರು ಬಂತು. ರೊಟ್ಟಿಯ ಸಪ್ಪಳ ಮಾತ್ರ ಕೇಳಿಸಲಿಲ್ಲ.

ಕಸ್ತೂರಿ ಅಂಗಳದಲ್ಲಿ ಕೊಡ ಹಿಡಿದು ನಿಂತಳು. ಆ ಬಾಗಿಲು ತಳ್ಳಿದರೆ ಏನು ಕಾಣುತ್ತದೋ ಎಂಬ ಭಯ. ಕೊನೆಗೆ ತಂಗೆವ್ವನ ಮಗ ಶಿದ್ದಲಿಂಗ ಒಳಗಿನಿಂದ ಕೂಗಿಕೊಂಡ. "ಅಕ್ಕಾ, ಲಗೂನ ಬರ್ರಿ! ಅವ್ವ ಮಾತಾಡವಲ್ಲಳು!"

ತಂಗೆವ್ವ ಒಲೆಯ ಮುಂದೆಯೇ ಒರಗಿದ್ದಳು. ಹಿಟ್ಟು ನಾದಿದ ಕೈ ಹಾಗೇ ಇತ್ತು. ಉಸಿರು ಜೋರಾಗಿ ಏಳುತ್ತಿತ್ತು. ಅದರಲ್ಲಿ ಕೊಳೆತ ಹಣ್ಣಿನಂಥ ಒಂದು ವಾಸನೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು, "ಇನ್ಸುಲಿನ್ ತಪ್ಪಿಸಿದ್ರಾ? ಬೇರೆ ಏನಾದರೂ ಕೊಟ್ಟಿದ್ದೀರಾ? ಬೇಗ ಹೇಳಿ." ಶಿದ್ದಲಿಂಗನಿಗೆ ಏನೂ ಗೊತ್ತಿರಲಿಲ್ಲ. ಅವನು ಕಸ್ತೂರಿಯತ್ತ ನೋಡಿದ.

ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಆಟೊದಲ್ಲಿ ಬರುವಾಗ ಅವಳೇ ಪ್ರಭಂಜನನಿಗೆ ವಿಷಯ ತಿಳಿಸಿದ್ದಳು. ಈಗ ಅವನು ಮೇಡಂ ಎನ್ನಲಿಲ್ಲ.

"ಪುಡಿ ಸುದ್ದಿ ಬಾಯಿ ಬಿಡಬೇಡ. ಡಬ್ಬಿ ಎಲ್ಲಾದರೂ ಎಸೆದುಬಿಡು. ಪೊಲೀಸರು ಬಂದರೆ ಮಾರಿದವಳು ನೀನು, ನಾನಲ್ಲ. ಸಹಿ ನಿಂದು."

ಡಬ್ಬಿ ಅವಳ ಚೀಲದಲ್ಲೇ ಇತ್ತು. ತಂಗೆವ್ವನ ಮನೆಯಿಂದ ಹೊರಡುವಾಗ ಯಾರ ಕಣ್ಣಿಗೂ ಬೀಳದಿರಲೆಂದು ಅವಳೇ ಎತ್ತಿಕೊಂಡಿದ್ದಳು. ಹೊರಗೆ ಹೋಗಿ ಚರಂಡಿಗೆ ಎಸೆದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪೊಲೀಸು, ಓಣಿಯವರ ಮಾತು, ಮಗಳ ಮುಖ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವಳು ಬಾಗಿಲ ತನಕ ಹೋದಳು ಕೂಡ. ಒಳಗೆ ತಂಗೆವ್ವನ ಆ ಉಸಿರು ಕೇಳಿಸುತ್ತಲೇ ಇತ್ತು.

ಕಸ್ತೂರಿ ತಿರುಗಿ ಬಂದಳು. ಡಬ್ಬಿಯನ್ನು ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟಳು. "ಸೂಜಿ ಬಿಡಿಸಿದಾಕಿ ನಾನರೀ. ಹನ್ನೊಂದು ದಿನ ಆತು."

ಡಾಕ್ಟರಮ್ಮ ಬಯ್ಯಲು ನಿಲ್ಲಲಿಲ್ಲ, ಒಳಗೆ ಓಡಿದರು. ಶಿದ್ದಲಿಂಗ ಗೋಡೆಯತ್ತ ಮುಖ ತಿರುಗಿಸಿ ಕುಳಿತ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ನಾಲ್ಕು ದಿನ ಜೀವ ಅತ್ತಿತ್ತ ಆಡಿತು. ಐದನೆಯ ದಿನ ತಂಗೆವ್ವ ಕಣ್ಣು ಬಿಟ್ಟಳು. ಕಸ್ತೂರಿ ಕಾಲ ಬಳಿ ನಿಂತು ಎಲ್ಲವನ್ನೂ ಒಪ್ಪಿಕೊಂಡು ಅತ್ತಳು. ತಂಗೆವ್ವ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ಹೋಗ್ಲಿ ಬಿಡು. ಈಗ ಏನ್ ತಗೊಳ್ಳಲಿ? ನೀನ ಹೇಳು," ಎಂದಳು.

ಆ ಮಾತಿಗೆ ಕಸ್ತೂರಿ ಹಿಂದೆ ಸರಿದಳು. ಇಷ್ಟಾದರೂ ನಂಬಿಕೆ ಹೋಗಿರಲಿಲ್ಲ! "ನನ್ನ ಕೇಳಬ್ಯಾಡ್ರಿ," ಎಂದು ಕೈ ಮುಗಿದಳು. "ನಿಮ್ಮ ಕಾಲಿಗೆ ಬೀಳತೀನಿ, ಡಾಕ್ಟರನ್ನ ಕೇಳ್ರಿ."

ಉಳಿದ ಹತ್ತು ಮನೆಗಳಿಗೆ ಅವಳು ತಂಗೆವ್ವನನ್ನು ಆಸ್ಪತ್ರೆಗೆ ಸೇರಿಸಿದ ದಿನವೇ ಹೋಗಿ, ಪುಡಿ ನಿಲ್ಲಿಸಿ ಮೊದಲಿನ ಔಷಧಿಯನ್ನೇ ತಗೊಳ್ಳಲು ಹೇಳಿ ಬಂದಿದ್ದಳು. ಕೆಲವರು ಬೈದರು. ಒಬ್ಬಳು ಡಬ್ಬಿಯನ್ನು ಮುಖದ ಮೇಲೆ ಎಸೆದಳು. ಎಲ್ಲರೂ ಕ್ಷೇಮವಾಗಿದ್ದರು, ಅದೇ ಪುಣ್ಯ. ಕೊನೆಯದು ರೇಣುಕಾಳ ಮನೆ.

"ನೀ ಯಾರ್‍ಯಾರಿಗೆ ಕೊಟ್ಟಿ?" ಎಂದು ಕಸ್ತೂರಿ ಕೇಳಿದ್ದಳು.

ರೇಣುಕಾ ಬೆರಳು ಮಡಚಿದಳು. "ಆರು ಮಂದಿಗೆ. ಎಲ್ಲಾರೂ ನಮ್ಮ ತವರಿನ ಕಡೆಯವರು. ನೀ ಹೇಳಿದಂಗ ಹೇಳೀನಿ. ಸೂಜಿ, ಗುಳಿಗಿ ಎಲ್ಲಾ ಬಿಡ್ರಿ ಅಂತ."

ಕಸ್ತೂರಿಗೆ ಆ ಆರು ಜನರ ಹೆಸರೂ ಗೊತ್ತಿರಲಿಲ್ಲ. ಅವಳ ಮಾತು ಅವಳಿಗಿಂತ ಮುಂದೆ ಹೋಗಿಬಿಟ್ಟಿತ್ತು. ಮರುದಿನ ಇಬ್ಬರೂ ಮೊದಲ ಬಸ್ಸು ಹಿಡಿದು ಹೊಳೆಯ ಆಚೆಯ ಹಳ್ಳಿಗಳಿಗೆ ಹೋದರು. ಸಂಜೆಯೊಳಗೆ ಐದು ಡಬ್ಬಿ ಕೈಗೆ ಬಂದವು. ಆರನೆಯ ಮನೆಗೆ ಬೀಗ ಬಿದ್ದಿತ್ತು. ಗಂಡ ಹೆಂಡತಿ, ಮುದುಕಿ ಅತ್ತೆ, ಮೂವರೂ ಇಟ್ಟಿಗೆ ಭಟ್ಟಿಯ ಕೆಲಸಕ್ಕೆ ಎಲ್ಲೋ ಹೋಗಿದ್ದಾರೆಂದು ಪಕ್ಕದವರು ಹೇಳಿದರು. ಯಾವ ಊರೆಂದು ಅವರಿಗೂ ಗೊತ್ತಿರಲಿಲ್ಲ. ಫೋನ್ ಹತ್ತಲಿಲ್ಲ.

"ಪುಡಿ ತಗೊಂಡಾಕಿ ಆ ಅತ್ತಿ," ಎಂದಳು ರೇಣುಕಾ, ಕೇಳಿಸೀತೋ ಇಲ್ಲವೋ ಎಂಬಂತೆ.

ಕಸ್ತೂರಿ ಆ ಬೀಗ ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ಎಷ್ಟೋ ಭಟ್ಟಿಗಳಲ್ಲಿ ವಿಚಾರಿಸಿದಳು. ಪ್ರಭಂಜನನ ಮೇಲೆ ದೂರು ಕೊಟ್ಟಳು. ಅವನು ಆಗಲೇ ಊರು ಬಿಟ್ಟಿದ್ದ. ಆ ಮುದುಕಿ ಬದುಕಿದ್ದಾಳೋ ಇಲ್ಲವೋ, ಕಸ್ತೂರಿಗೆ ಇಂದಿಗೂ ತಿಳಿದಿಲ್ಲ.

ನೀತಿ: ಯಾವ ಕಂಪನಿಗೆ ಸೇರಲಿ ಎಂದು ಆರಿಸುವಾಗ ನನಗೆಷ್ಟು ಸಿಗುತ್ತದೆ ಎಂದಷ್ಟೇ ಕೇಳಬೇಡಿ. ನನ್ನನ್ನು ನಂಬಿ ಕೊಂಡವರಿಗೆ ಏನಾಗುತ್ತದೆ ಎಂಬುದನ್ನು ಮೊದಲು ಕೇಳಿ. ಮಾರಿದ ಡಬ್ಬಿಯನ್ನು ಹಿಂದಕ್ಕೆ ತರಬಹುದು. ಬಾಯಿಂದ ಬಾಯಿಗೆ ಹೋದ ಮಾತನ್ನು ತರಲಾಗದು.